ಪಾಲಿಪ್ರೊಪಿಲೀನ್‌ಗೆ ಯಾವ ಪುಡಿ? ನನ್ನ ಓಟು ಮೆಗ್ನೀಸಿಯಂ ಹೈಡ್ರಾಕ್ಸೈಡ್‌ಗೆ

ಬ್ರೋಮಿನ್ ಸಂಯುಕ್ತ ಬೆರೆಸದೆ ಬೆಂಕಿ ತಡೆಯುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಮಾಡಬೇಕೆಂದರೆ ಮುಖ್ಯವಾಗಿ ಎರಡು ಖನಿಜ ಫಿಲ್ಲರ್‌ಗಳ (ಪ್ಲಾಸ್ಟಿಕ್ಕಿಗೆ ತುಂಬುವ ಪುಡಿಗಳ) ನಡುವೆ ಆಯ್ಕೆ: ಅಲ್ಯೂಮಿನಿಯಂ ಟ್ರೈಹೈಡ್ರಾಕ್ಸೈಡ್ ಮತ್ತು ಮೆಗ್ನೀಸಿಯಂ ಹೈಡ್ರಾಕ್ಸೈಡ್. ಎರಡನ್ನೂ ಒಂದೇ ಯಂತ್ರದಲ್ಲಿ ಓಡಿಸಿ ನೋಡಿದ್ದೇನೆ. ಮೊದಲನೆಯದು ಅಗ್ಗ. ಆದರೂ ನಾನು ತರಿಸುವುದು ಎರಡನೆಯದನ್ನೇ.

ಎರಡೂ ಕೆಲಸ ಮಾಡುವ ರೀತಿ ಒಂದೇ. ಕಾದಾಗ ತಮ್ಮೊಳಗಿನ ನೀರನ್ನು ಆವಿಯಾಗಿ ಬಿಟ್ಟು, ಆ ನೆಪದಲ್ಲಿ ಜ್ವಾಲೆಯ ಶಾಖವನ್ನು ಹೀರಿಕೊಳ್ಳುತ್ತವೆ. ಅಲ್ಯೂಮಿನಿಯಂ ಪುಡಿ ತನ್ನ ತೂಕದ ಸುಮಾರು ಶೇ. 35ರಷ್ಟು ನೀರು ಬಿಟ್ಟರೆ ಮೆಗ್ನೀಸಿಯಂ ಪುಡಿ ಶೇ. 31ರಷ್ಟು. ಕಾಗದದ ಮೇಲೆ ಅಲ್ಯೂಮಿನಿಯಂ ಮುಂದೆ. ತೊಂದರೆ ಇರುವುದು ನೀರಿನ ಪ್ರಮಾಣದಲ್ಲಲ್ಲ, ಅದು ಹೊರಡುವ ಹೊತ್ತಿನಲ್ಲಿ.

ಅಲ್ಯೂಮಿನಿಯಂ ಟ್ರೈಹೈಡ್ರಾಕ್ಸೈಡ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೇ ನೀರು ಬಿಡಲು ತೊಡಗುತ್ತದೆ. ಪಾಲಿಪ್ರೊಪಿಲೀನ್ ಯಂತ್ರದಲ್ಲಿ ಓಡುವುದು ಸಾಮಾನ್ಯವಾಗಿ 200ರಿಂದ 230 ಡಿಗ್ರಿಯಲ್ಲಿ. ಅಂದರೆ ಬೆಂಕಿ ಬಿದ್ದಾಗ ಬರಬೇಕಾದ ಆವಿ, ಪ್ಲಾಸ್ಟಿಕ್ ಕರಗಿಸಿ ಸ್ಕ್ರೂನಿಂದ ತಳ್ಳುವ ಯಂತ್ರವಾದ ಎಕ್ಸ್‌ಟ್ರೂಡರ್‌ನಲ್ಲೇ ಬರುತ್ತದೆ. ಅದರ ಬಾಯಿಯಾದ ಡೈಯಿಂದ ಎಳೆಗಳು ಉಬ್ಬಿ ಹೊರಬರುತ್ತವೆ, ಅವನ್ನು ಕತ್ತರಿಸಿದ ಕಾಳಿನೊಳಗೆ ಟೊಳ್ಳು, ಮೋಲ್ಡ್ ಮಾಡಿದ ಪೀಸಿನ ಮೈಮೇಲೆ ಬೆಳ್ಳಿಗೆರೆ. ‘ಪುಡಿಯಲ್ಲಿ ತೇವ ಇದೆ, ಒಣಗಿಸಿ’ ಎಂದು ಮಾರಿದವರು ಸಲೀಸಾಗಿ ಹೇಳಿಬಿಟ್ಟರು. ಅದು ಒಣಗಿಸಿದರೆ ಹೋಗುವ ತೇವವಲ್ಲ, ಹರಳಿನ ರಚನೆಯಲ್ಲೇ ಕಟ್ಟಿಕೊಂಡಿರುವ ನೀರು. ಓವನ್ನಿನಲ್ಲಿ ರಾತ್ರಿಯಿಡೀ ಇಟ್ಟರೂ ಗುಳ್ಳೆ ಹಾಗೆಯೇ ಇದ್ದವು.

ತಾಪ ಇಳಿಸಿದರಾಯಿತಲ್ಲ ಎನ್ನಬಹುದು. ಇಳಿಸಿ ನೋಡಿದ್ದೇನೆ. ತೂಕದಲ್ಲಿ ಶೇ. 60ರಷ್ಟು ಪುಡಿ ತುಂಬಿದ ಪ್ಲಾಸ್ಟಿಕ್ ಮೊದಲೇ ಗಟ್ಟಿ ಹಿಟ್ಟಿನಂತಿರುತ್ತದೆ. ಬ್ಯಾರೆಲ್ ತಂಪಾದಷ್ಟೂ ಅದು ಇನ್ನಷ್ಟು ಬಿಗಿಯುತ್ತದೆ, ಸ್ಕ್ರೂ ತಿಕ್ಕಾಟ ಹೆಚ್ಚುತ್ತದೆ, ಆ ತಿಕ್ಕಾಟದಿಂದಲೇ ಶಾಖ ಹುಟ್ಟುತ್ತದೆ. ಮೀಟರ್ 190 ತೋರಿಸುತ್ತಿದ್ದರೂ ಅದು ಬ್ಯಾರೆಲ್ ಗೋಡೆಯ ತಾಪ. ಒಳಗಿನ ಕರಗಿದ ಪ್ಲಾಸ್ಟಿಕ್ಕಿನದು ಅದಕ್ಕಿಂತ ಮೇಲಿರುತ್ತದೆ. ಸ್ಕ್ರೂ ವೇಗ ತಗ್ಗಿಸಿದರೆ ಉತ್ಪಾದನೆ ಕುಂಟುತ್ತದೆ. ನಿರ್ವಾತ ಪಂಪ್ ಆವಿಯನ್ನು ಎಳೆದುಕೊಳ್ಳುತ್ತದೆ ನಿಜ, ಆದರೆ ಅದೇ ಕಾಳು ಮೋಲ್ಡಿಂಗ್ ಯಂತ್ರದಲ್ಲಿ ಮತ್ತೊಮ್ಮೆ ಕಾಯಬೇಕಲ್ಲ! ಮೇಲಾಗಿ, ಹೀಗೆ ಹೋದ ನೀರು ಬೆಂಕಿಯ ದಿನಕ್ಕೆಂದು ಕೂಡಿಟ್ಟದ್ದು.

ಮೆಗ್ನೀಸಿಯಂ ಹೈಡ್ರಾಕ್ಸೈಡ್ ಸುಮಾರು 300 ಡಿಗ್ರಿ ದಾಟುವವರೆಗೆ ತಣ್ಣಗಿರುತ್ತದೆ. ಗುಳ್ಳೆಯ ಕಾಟವೇ ಇಲ್ಲ.

ಬಲದ ವಿಷಯದಲ್ಲಿ ಇಬ್ಬರನ್ನೂ ಹೊಗಳಲಾರೆ. ಪ್ಲಾಸ್ಟಿಕ್ ಉರಿಯುವ ಬಗೆಯನ್ನು ಅಳೆಯುವ ಯುಎಲ್ 94 ಪರೀಕ್ಷೆಯಲ್ಲಿ, ಬೇಗ ಆರುವ ಪ್ಲಾಸ್ಟಿಕ್ಕಿಗೆ ಸಿಗುವ ವಿ-0 ದರ್ಜೆಗೆ ಶೇ. 60ರ ಆಸುಪಾಸು ತುಂಬಲೇಬೇಕು. ಅಷ್ಟು ತುಂಬಿದ ಮೇಲೆ ಪೀಸು ಬಿರುಸಾಗುತ್ತದೆ, ಆದರೆ ಎಳೆದರೆ ಹಿಗ್ಗುವ ಗುಣ ಬಹುತೇಕ ಸತ್ತುಹೋಗುತ್ತದೆ. ಒತ್ತಿ ಕೂರಿಸುವ ಕೊಕ್ಕೆಗಳು ಪಟ್ಟನೆ ಮುರಿಯುತ್ತವೆ. ಲೇಪನವಿಲ್ಲದ ಪುಡಿ ಗಂಟು ಕಟ್ಟಿ ಇದನ್ನು ಇನ್ನೂ ಕೆಡಿಸುತ್ತದೆ. ಸ್ಟಿಯರಿಕ್ ಆಮ್ಲದ ಲೇಪನವಿದ್ದರೆ ಪ್ಲಾಸ್ಟಿಕ್ ಚೆನ್ನಾಗಿ ಹರಿಯುತ್ತದೆ, ಎಳೆತದ ಬಲ ಮಾತ್ರ ತುಸು ಇಳಿಯುತ್ತದೆ. ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪಾಲಿಪ್ರೊಪಿಲೀನನ್ನು ಸ್ವಲ್ಪ ಬೆರೆಸಿದರೆ ಪುಡಿಗೂ ಪ್ಲಾಸ್ಟಿಕ್ಕಿಗೂ ಹಿಡಿತ ಬಂದು ಆ ಬಲ ಮರಳುತ್ತದೆ.

ಪಾಲಿಪ್ರೊಪಿಲೀನ್‌ಗೆ ತುಂಬುವ ಬೇರೆ ಪುಡಿಗಳೂ ಇವೆ. ಟಾಲ್ಕ್ ಪದರುಪದರಾದ ಪುಡಿ, ಬಿರುಸು ಚೆನ್ನಾಗಿ ಕೊಡುತ್ತದೆ, ಬೆಂಕಿಗೆ ನೆಚ್ಚುವಂತಿಲ್ಲ. ಸುಣ್ಣದಕಲ್ಲಿನ ಪುಡಿ ಎಲ್ಲಕ್ಕಿಂತ ಅಗ್ಗ, ಜ್ವಾಲೆಯ ಮುಂದೆ ಉಪಯೋಗವಿಲ್ಲ.

ಒಂದು ಮಾತು: ಯಾರಾದರೂ ವಿ-0 ಎಂದರೆ ಎಷ್ಟು ದಪ್ಪದ ಪಟ್ಟಿಯಲ್ಲಿ ಎಂದು ಕೇಳಿ. 3.2 ಮಿ.ಮೀ.ನಲ್ಲಿ ಪಾಸಾದದ್ದು 1.6ರಲ್ಲಿ ಪಾಸಾಗಲೇಬೇಕೆಂದಿಲ್ಲ.

ಚೀಲದ ಬೆಲೆ ನೋಡಿದರೆ ಮೆಗ್ನೀಸಿಯಂ ಕೈ ಸುಡುತ್ತದೆ. ತಿರಸ್ಕೃತ ಪೀಸುಗಳನ್ನೂ ನಿಂತ ಯಂತ್ರವನ್ನೂ ಲೆಕ್ಕಕ್ಕೆ ಹಿಡಿದರೆ ನನಗೆ ಅದೇ ಕಡಿಮೆ ಖರ್ಚು. ನನ್ನದು ಒಂದೇ ಎಕ್ಸ್‌ಟ್ರೂಡರ್, ಅದರ ಪಕ್ಕ ನಿಂತು ಐದೈದು ಡಿಗ್ರಿ ಏರಿಳಿಸುತ್ತ ಕೂರುವ ತಾಳ್ಮೆ ನನಗಿಲ್ಲ. ತಾಳ್ಮೆಯ ಜೊತೆ ಒಳ್ಳೆಯ ನಿರ್ವಾತ ಪಂಪೂ ಇರುವವರ ಲೆಕ್ಕ ಬೇರೆಯಾಗಬಹುದು. ಇವಿಎ (ರಬ್ಬರಿನಂಥ ಮೆದು ಪ್ಲಾಸ್ಟಿಕ್) ಅಥವಾ ಪಾಲಿಥಿಲೀನ್‌ನ ಕೇಬಲ್ ಹೊದಿಕೆಯ ಕೆಲಸ ಬಂದರೆ ನಾನೂ ಅಲ್ಯೂಮಿನಿಯಂ ಪುಡಿಯನ್ನೇ ತರಿಸುತ್ತೇನೆ. ಆ ಕೆಲಸದಲ್ಲಿ ಅವು ಸಾಮಾನ್ಯವಾಗಿ 180 ಡಿಗ್ರಿಯ ಆಸುಪಾಸಿನಲ್ಲೇ ಓಡುತ್ತವೆ, ದುಬಾರಿ ಚೀಲ ಬಿಚ್ಚುವ ಅಗತ್ಯವಿಲ್ಲ.