ಬಾಹ್ಯಾಕಾಶದ ಗೋಡೆ ಕ್ಯಾಲೆಂಡರ್: ತಾರೀಖು ಯಾರ ಗಡಿಯಾರದ್ದು?

ತುಮಕೂರಿನ ಎಂ.ಜಿ. ರಸ್ತೆಯ ಪುಸ್ತಕದಂಗಡಿಯೊಂದರಲ್ಲಿ ಕಳೆದ ಡಿಸೆಂಬರ್ ಕೊನೆಯ ವಾರ 180 ರೂಪಾಯಿ ಕೊಟ್ಟು 2026ರ ಒಂದು ಗೋಡೆ ಕ್ಯಾಲೆಂಡರನ್ನು ಕೊಂಡೆ. ಬಾಹ್ಯಾಕಾಶ ಯಾನದ ಇತಿಹಾಸದಲ್ಲಿ ಯಾವ ದಿನ ಏನು ನಡೆಯಿತೆಂಬುದನ್ನು ಆಯಾ ತಾರೀಖಿನ ಚೌಕದೊಳಗೇ ಮುದ್ರಿಸಿ, ತಿಂಗಳಿಗೊಂದು ದೊಡ್ಡ ಚಿತ್ರವನ್ನೂ ಅದರ ಕೆಳಗೆ ಎಂಟು ಹತ್ತು ಸಾಲಿನ ಕನ್ನಡ ಟಿಪ್ಪಣಿಯನ್ನೂ ಕೊಟ್ಟಿರುವ ಕ್ಯಾಲೆಂಡರ್ ಇದು. ಹೈಸ್ಕೂಲಿನಲ್ಲಿ ಓದುತ್ತಿರುವ ಮೊಮ್ಮಗಳಿಗೆಂದು ತಂದದ್ದನ್ನು ಅವಳಿಗಿಂತ ಹೆಚ್ಚಾಗಿ ನಾನೇ ಓದಿದೆ. ನಾಲ್ಕು ತಿಂಗಳು ಹಾಳೆ ತಿರುವಿದ ಮೇಲೆ ಬರೆಯುತ್ತಿರುವ ಅಭಿಪ್ರಾಯವಿದು. ಪ್ರಕಾಶಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ತಪ್ಪುಗಳನ್ನು ತಿಳಿಸಿ ಅವರಿಗೇ ಪತ್ರ ಹಾಕಿದ್ದಾಗಿದೆ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಮಾರ್ಚ್ ತಿಂಗಳ ಹಾಳೆಯೊಂದಕ್ಕೇ ಕೊಟ್ಟ ಹಣ ಸಂದಿತು. 1926ರ ಮಾರ್ಚ್ 16ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಬರ್ನ್ ಎಂಬ ಊರಿನಲ್ಲಿ ರಾಬರ್ಟ್ ಗೊಡಾರ್ಡ್ ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ಟನ್ನು ಹಾರಿಸಿದರು. ಈ ವರ್ಷ ಅದಕ್ಕೆ ನೂರು ತುಂಬಿತು. ಪೆಟ್ರೋಲು ಮತ್ತು ದ್ರವ ಆಮ್ಲಜನಕವನ್ನು ಉರಿಸಿದ ಆ ರಾಕೆಟ್ಟು ಹಾರಿದ್ದು ಎರಡೂವರೆ ಸೆಕೆಂಡು, ಏರಿದ್ದು ಸುಮಾರು 12 ಮೀಟರ್, ಬಿದ್ದದ್ದು 56 ಮೀಟರ್ ಆಚೆಯ ಕೋಸಿನ ತೋಟದಲ್ಲಿ. ತಿಪಟೂರು ಕಡೆಯ ಹಳೆಯ ತೆಂಗಿನ ಮರದ ಸುಳಿಯನ್ನೂ ಮುಟ್ಟದ ಎತ್ತರವದು. ಚಂದ್ರನತ್ತ ಹೋದ ಮಹಾ ರಾಕೆಟ್ಟುಗಳ ಚಿತ್ರ ಹಾಕಿ ಗೊಡಾರ್ಡ್ ಅವರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡಬಹುದಾಗಿತ್ತು. ಹಾಗೆ ಮಾಡದೆ, ರಾಕೆಟ್ಟನ್ನು ನಿಲ್ಲಿಸಿದ ಚೌಕಟ್ಟಿನ ಪಕ್ಕದಲ್ಲಿ ದಪ್ಪ ಕೋಟು ತೊಟ್ಟು ನಿಂತ ಮನುಷ್ಯನ ಆ ಹಳೆಯ ಛಾಯಾಚಿತ್ರಕ್ಕೆ ಇಡೀ ಹಾಳೆಯನ್ನು ಬಿಟ್ಟುಕೊಟ್ಟದ್ದು ಒಳ್ಳೆಯ ವಿವೇಚನೆ.

ಏಪ್ರಿಲ್ ಹಾಳೆಯೂ ಹಾಗೆಯೇ ತುಂಬಿದೆ. 12ರಂದು ಯೂರಿ ಗಗಾರಿನ್ ಯಾನಕ್ಕೆ 65 ವರ್ಷ. 19ರ ಚೌಕದಲ್ಲಿ ಎರಡು ನೆನಪುಗಳು: 1971ರಲ್ಲಿ ಸೋವಿಯತ್ ಒಕ್ಕೂಟ ಕಳಿಸಿದ ಮೊದಲ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್ 1 ಮತ್ತು 1975ರಲ್ಲಿ ಅದೇ ದೇಶದ ರಾಕೆಟ್ಟೇರಿ ಕಪುಸ್ತಿನ್ ಯಾರ್‌ನಿಂದ ಹಾರಿದ ನಮ್ಮ ಆರ್ಯಭಟ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ ಆ 360 ಕಿಲೋ ಉಪಗ್ರಹದ ಜೊತೆಗೆ, ಅದರ ಚಿತ್ರವಿದ್ದ ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯನ್ನೂ ಅಚ್ಚು ಹಾಕಿದ್ದಾರೆ. ಆ ನೋಟುಗಳನ್ನು ಸಂಬಳದ ದಿನ ಎಣಿಸಿಕೊಂಡ ನನ್ನಂಥವರಿಗೆ ಅದು ತಟ್ಟನೆ ಗುರುತು ಸಿಗುತ್ತದೆ.

ಇನ್ನು ದೂರಿನ ಮಾತು. ನಾನು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೈಗಡಿಯಾರ ಜೋಡಿಸುತ್ತಿದ್ದವನು. ಆ ಕಾರ್ಖಾನೆಯ ಜಾಗ ಈಗ ಇಸ್ರೋಗೆ ಸೇರಿದೆಯೆಂಬುದು ಈ ಬರಹಕ್ಕೆ ಸಂಬಂಧಿಸಿಯೂ ಸಂಬಂಧಿಸದ ವಿಷಯ. ಸಮಯವೆಂದರೆ ಯಾರ ಸಮಯ ಎಂದು ಕೇಳುವ ಚಾಳಿ ಮಾತ್ರ ಅಲ್ಲಿಂದ ಬಂದದ್ದು, ಮತ್ತು ಈ ಕ್ಯಾಲೆಂಡರ್ ಎಡವಿರುವುದು ಸರಿಯಾಗಿ ಆ ಪ್ರಶ್ನೆಯಲ್ಲಿಯೇ.

ಜುಲೈ 20ರ ಚೌಕವನ್ನು ನೋಡಿ. ಅಲ್ಲಿ ಅಪೋಲೋ 11 ಚಂದ್ರನ ಮೇಲೆ ಇಳಿದದ್ದೂ ಇದೆ, 1976ರಲ್ಲಿ ವೈಕಿಂಗ್ 1 ಮಂಗಳನ ಮೇಲೆ ಇಳಿದದ್ದೂ ಇದೆ. ಎರಡನೆಯದಕ್ಕೆ ಈ ವರ್ಷ ಐವತ್ತು ತುಂಬುತ್ತದೆ. ಅದು ನಡೆದಾಗ ನಮ್ಮಲ್ಲಿ ಸಂಜೆ 5 ಗಂಟೆ 23 ನಿಮಿಷವಾಗಿದ್ದರಿಂದ ಆ ಚೌಕದಲ್ಲಿ ಅದು ನ್ಯಾಯವಾಗಿಯೇ ಕೂತಿದೆ. ಆದರೆ ಅಪೋಲೋ ನೌಕೆ ನೆಲ ಮುಟ್ಟಿದಾಗ ಜಗತ್ತಿನ ಗಡಿಯಾರಗಳಿಗೆ ಆಧಾರವಾದ ಗ್ರೀನಿಚ್ ಸಮಯದಲ್ಲಿ ರಾತ್ರಿ 8 ಗಂಟೆ 17 ನಿಮಿಷ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ತುಮಕೂರಿನಲ್ಲಿ 21ರ ಸೋಮವಾರ ಬೆಳಗಿನ ಜಾವ 1 ಗಂಟೆ 47 ನಿಮಿಷ. ನೀಲ್ ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗಲಂತೂ ಇಲ್ಲಿ ಅದೇ ಸೋಮವಾರ ಬೆಳಿಗ್ಗೆ 8 ಗಂಟೆ 26 ನಿಮಿಷ, ಜನ ತಿಂಡಿ ತಿಂದು ಕೆಲಸಕ್ಕೆ ಹೊರಡುವ ಹೊತ್ತು. ಇದೇ ರೀತಿ ಮೊದಲ ಉಪಗ್ರಹ ಸ್ಪುಟ್ನಿಕ್ 1957ರ ಅಕ್ಟೋಬರ್ 4ರ ರಾತ್ರಿ ಮಾಸ್ಕೋ ಸಮಯ 10 ಗಂಟೆ 28 ನಿಮಿಷಕ್ಕೆ ಹಾರಿದಾಗ ನಮ್ಮ ಗಡಿಯಾರದಲ್ಲಿ 5ನೇ ತಾರೀಖಾಗಿ ಒಂದು ಗಂಟೆಗೆ ಎರಡೇ ನಿಮಿಷ ಬಾಕಿಯಿತ್ತು. ಅರವತ್ತು ವರ್ಷದ ಹಿಂದೆ ಚಂದ್ರನ ಮೇಲೆ ಮೊದಲ ಬಾರಿಗೆ ಮೆಲ್ಲಗೆ ಇಳಿದ ಲೂನಾ 9 ಕೂಡ ಇಲ್ಲಿಯ ಲೆಕ್ಕಕ್ಕೆ ಫೆಬ್ರವರಿ 3ರದಲ್ಲ, 4ರ ಮಧ್ಯರಾತ್ರಿ ಕಳೆದ ಮೇಲಿನದು.

ಜಗತ್ತೆಲ್ಲ ಒಪ್ಪಿದ ತಾರೀಖನ್ನೇ ಹಾಕಿದ್ದೇವೆಂದು ಪ್ರಕಾಶಕರು ಹೇಳಬಹುದು, ಅದರಲ್ಲಿ ತಪ್ಪಿಲ್ಲ. ತಪ್ಪಿರುವುದು ಡಿಸೆಂಬರ್ ಹಾಳೆಯಲ್ಲಿ. ಮಂಗಳಯಾನ ಭೂಮಿಯ ಕಕ್ಷೆಯನ್ನು ಬಿಟ್ಟು ಹೊರಟ ದಿನವನ್ನು 2013ರ ಡಿಸೆಂಬರ್ 1 ಎಂದು ಮುದ್ರಿಸಿದ್ದಾರೆ. ಅದು ನಡೆದದ್ದು ಭಾರತೀಯ ಸಮಯ ನಡುರಾತ್ರಿ 12 ಗಂಟೆ 49 ನಿಮಿಷಕ್ಕೆ. ಗ್ರೀನಿಚ್‌ನಲ್ಲಿ ಅದಿನ್ನೂ ನವೆಂಬರ್ 30. ಅಂದರೆ ನಮ್ಮವರ ಸಾಧನೆಗೆ ನಮ್ಮ ಗಡಿಯಾರ, ಉಳಿದವರದಕ್ಕೆ ಅವರ ಗಡಿಯಾರ. ಒಂದೇ ಕ್ಯಾಲೆಂಡರಿನಲ್ಲಿ ಎರಡು ಅಳತೆಗೋಲು ಇಟ್ಟುಕೊಂಡು, ಯಾವುದನ್ನು ಎಲ್ಲಿ ಬಳಸಿದ್ದೇವೆಂದು ಒಂದು ಮೂಲೆಯಲ್ಲಿಯಾದರೂ ಬರೆಯದಿರುವುದು ಅಲಕ್ಷ್ಯ. ಪಕ್ಕದಲ್ಲಿ ಭಾರತೀಯ ಗಂಟೆಯನ್ನು ಸಣ್ಣ ಅಕ್ಷರದಲ್ಲಿ ಹಾಕಿದ್ದರೆ ಸಾಕಿತ್ತು. ಗಗಾರಿನ್ ಹೊರಟದ್ದು ನಮ್ಮ 11 ಗಂಟೆ 37 ನಿಮಿಷಕ್ಕೆ ಎಂದು ಹೇಳಿದಾಗ, ಅದು ತನ್ನ ಶಾಲೆಯಲ್ಲಿ ಎಷ್ಟನೆಯ ಪೀರಿಯಡ್ ಎಂದು ಮೊಮ್ಮಗಳು ಬೆರಳು ಮಡಿಚಿ ಎಣಿಸತೊಡಗಿದಳು.

ನನ್ನ ವಾದಕ್ಕೆ ಮನೆಯಲ್ಲಿಯೇ ತಡೆ ಬಂತು. ಪಂಚಾಂಗದ ಪ್ರಕಾರ ವಾರ ಬದಲಾಗುವುದು ಸೂರ್ಯೋದಯಕ್ಕೆ, ಆದ್ದರಿಂದ ಬೆಳಗಿನ ಜಾವ 1 ಗಂಟೆ 47 ನಿಮಿಷವೆಂದರೆ ಇನ್ನೂ ಭಾನುವಾರವೇ, ಸ್ಪುಟ್ನಿಕ್ ಹಾರಿದ್ದೂ ಶುಕ್ರವಾರವೇ ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. ಈ ಲೆಕ್ಕ ಪ್ರಕಾಶಕರಿಗೆ ಹೊಳೆದಿರಲಾರದು, ಏಕೆಂದರೆ ತಿಥಿ, ಏಕಾದಶಿಗಳ ಮಾತಿರಲಿ, ಹುಣ್ಣಿಮೆ ಅಮಾವಾಸ್ಯೆಗಳನ್ನೂ ಅವರು ಬಿಟ್ಟಿದ್ದಾರೆ. ಹನ್ನೆರಡು ಹಾಳೆಗಳಲ್ಲಿ ಐದರ ಮೇಲೆ ಚಂದ್ರನ ಚಿತ್ರ ಹಾಕಿ ಹುಣ್ಣಿಮೆ ಯಾವತ್ತೆಂದು ಹೇಳದ ಕ್ಯಾಲೆಂಡರನ್ನು ನಾನು ಬೇರೆಲ್ಲೂ ನೋಡಿಲ್ಲ.

ಜೂನ್ ಹಾಳೆಯ ಅಡಿಬರಹವನ್ನು ಮಾತ್ರ ಕ್ಷಮಿಸಲಾರೆ. ಎತ್ತಿನ ಗಾಡಿಯ ಮೇಲೆ ಕುಳಿತ ಇಸ್ರೋದ ಆಪಲ್ ಉಪಗ್ರಹದ ಪ್ರಸಿದ್ಧ ಚಿತ್ರದ ಕೆಳಗೆ, ಸಾಗಿಸಲು ಬೇರೆ ವಾಹನಕ್ಕೂ ಗತಿಯಿಲ್ಲದ ಬಡತನದ ದಿನಗಳೆಂಬ ಅರ್ಥದ ಮಾತು ಬರೆದಿದ್ದಾರೆ. ಗಾಡಿಯನ್ನು ತಂದದ್ದು ಆಂಟೆನಾ ಪರೀಕ್ಷೆಗೆ. ಲೋಹದ ವಾಹನದ ಮೇಲಿಟ್ಟರೆ ರೇಡಿಯೋ ಅಲೆಗಳು ಅದಕ್ಕೆ ತಗುಲಿ ಪ್ರತಿಫಲಿಸಿ ಅಳತೆ ಕೆಡುತ್ತದೆಂದು, ಮರದ ಗಾಡಿಯೇರಿಸಿ ಬಯಲಿನಲ್ಲಿ ಪರೀಕ್ಷೆ ಮಾಡಿದರು. ಅದು ಕಡಿಮೆ ಖರ್ಚಿನ ಉಪಾಯವಾಗಿತ್ತೆಂಬುದು ನಿಜ. ಹಾಗೆಂದು ಎಂಜಿನಿಯರುಗಳ ಜಾಣತನವನ್ನು ದಾರಿದ್ರ್ಯವೆಂದು ತೋರಿಸಿದರೆ ಮಕ್ಕಳು ಕಲಿಯುವುದು ತಪ್ಪು ಪಾಠ. 1981ರ ಜೂನ್ 19ರಂದು ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಅದು ಹಾರಿತೆಂಬ ಉಳಿದ ವಿವರ ಸರಿಯಾಗಿದೆ.

ಬಣ್ಣದ ವಿಚಾರದಲ್ಲಿ ಒಂದು ಹೆಚ್ಚು, ಒಂದು ಕಡಿಮೆ. ಮೈಲಿಗಲ್ಲುಗಳ ತಾರೀಖುಗಳನ್ನೆಲ್ಲ ಕೆಂಪಿನಲ್ಲಿ ಅಚ್ಚು ಮಾಡಿರುವುದರಿಂದ ಅವೆಲ್ಲ ಸರ್ಕಾರಿ ರಜೆಗಳಂತೆ ಕಾಣುತ್ತವೆ. ಆದರೆ ಚಾಲೆಂಜರ್ ನೌಕೆಯ ಏಳು ಮಂದಿ ತೀರಿಕೊಂಡ ಜನವರಿ 28ಕ್ಕೂ, ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಚೂರಾದ ಫೆಬ್ರವರಿ 1ಕ್ಕೂ ಕಪ್ಪು ಅಂಚು ಕಟ್ಟಿ, ಸಾಧನೆಗಳ ಸಾಲಿನಲ್ಲಿ ಅವುಗಳನ್ನು ಬೆರೆಸದೆ ಬಿಟ್ಟದ್ದು ಗೌರವದ ಕೆಲಸ.

ಕಾಗದ ದಪ್ಪವಾಗಿದೆ, ತಗಡಿನ ಪಟ್ಟಿ ಗಟ್ಟಿಯಾಗಿದೆ, ಫ್ಯಾನ್ ಗಾಳಿಗೆ ಹಾಳೆ ಹರಿಯುವುದಿಲ್ಲ. ಆದರೆ ಹೊಳಪಿನ ಕಾಗದವಾದ್ದರಿಂದ ಪೆನ್ನು ಜಾರುತ್ತದೆ, ಪೆನ್ಸಿಲ್ ಹಿಡಿಯುವುದೇ ಇಲ್ಲ. ಭಾರತೀಯ ಸಮಯಗಳನ್ನು ನಾನೇ ಸಣ್ಣ ಚೀಟಿಗಳಲ್ಲಿ ಬರೆದು ಅಂಟಿಸಬೇಕಾಯಿತು. ಮಕ್ಕಳಿರುವ ಮನೆಗೂ ಶಾಲೆಗೂ ಧಾರಾಳವಾಗಿ ಕೊಳ್ಳಬಹುದು, ಜೂನ್ ಹಾಳೆಯ ಅಡಿಬರಹದ ಮೇಲೆ ಒಂದು ಚೀಟಿ ಅಂಟಿಸುವ ಷರತ್ತಿನ ಮೇಲೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಗುರುತು ಹಾಕಲು ಅಡುಗೆಮನೆಗೆ ಬೇರೊಂದು ಕ್ಯಾಲೆಂಡರ್ ಬೇಕೇ ಬೇಕು.