ಹಾಕಿದ್ದು ಚೆನ್ನಾಗಿತ್ತು, ತೆಗೆದಿದ್ದು ಮಾತ್ರ ಬೇಡ

ತಂಗಿ ಮದುವೆಗೆ ಅಂತ ಜಯನಗರದ ಒಂದು ಪಾರ್ಲರಿನಲ್ಲಿ ಜೆಲ್ ಮ್ಯಾನಿಕ್ಯೂರ್ (ದೀಪದ ಬೆಳಕಲ್ಲಿ ಗಟ್ಟಿ ಮಾಡುವ ಉಗುರು ಬಣ್ಣ) ಮಾಡಿಸಿದೆ. ಕೆಲಸ ಅಚ್ಚುಕಟ್ಟು. ಉಗುರನ್ನು ನೀರಲ್ಲಿ ನೆನೆಸದೆ ಒಣಗಿದ ಹಾಗೇ ಫೈಲ್ ಮಾಡಿದರು, ಅದು ಒಳ್ಳೆಯದೇ, ಯಾಕಂದ್ರೆ ನೆನೆದ ಉಗುರು ಉಬ್ಬುತ್ತದೆ, ಆಮೇಲೆ ಒಣಗಿ ಕುಗ್ಗಿದಾಗ ಬಣ್ಣ ಬೇಗ ಏಳುತ್ತದೆ. ಕ್ಯುಟಿಕಲ್ (ಉಗುರಿನ ಬುಡದ ತೆಳು ಚರ್ಮ) ಕತ್ತರಿಸಬೇಡಿ, ಹಿಂದಕ್ಕೆ ತಳ್ಳಿದರೆ ಸಾಕು ಅಂತ ಮಾತ್ರ ನಾನೇ ಹೇಳಬೇಕಾಯಿತು. ತುದಿಯ ಅಂಚಿಗೂ ಬಣ್ಣ ಹಚ್ಚಿದ್ದಕ್ಕೇ ಇರಬೇಕು, ಪಾತ್ರೆ ತೊಳೆದು, ಮುದ್ದೆ ಮುರಿದು, 2 ವಾರ ಆದರೂ ಒಂದು ಚೂರೂ ಕಿತ್ತು ಬರಲಿಲ್ಲ. (ಪಾತ್ರೆಗೆ ಗ್ಲೌಸ್ ಹಾಕಿದ್ದೆ, ಸುಳ್ಳು ಯಾಕೆ.)

ಬೇಜಾರಾಗಿದ್ದು ತೆಗೆಸಲು ಹೋದಾಗ. ಬಣ್ಣ ಮೆತ್ತಗಾಗಿಸುವ ಅಸಿಟೋನ್‌ನಲ್ಲಿ ಅದ್ದಿದ ಹತ್ತಿ ಸುತ್ತಿ 10-15 ನಿಮಿಷ ಕಾಯಬೇಕು, ಅಲ್ವಾ? ಇವರು 5 ನಿಮಿಷಕ್ಕೇ ಬಿಚ್ಚಿ ಕೆರೆಯಲು ಶುರು ಮಾಡಿದರು. ಜೆಲ್ ಜೊತೆ ಉಗುರಿನ ಪದರವೂ ಎದ್ದು ಬಂತು. ಕೈ ಉಗುರು ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್, ಪೂರ್ತಿ ಹೊಸದು ಬರಲು 4ರಿಂದ 6 ತಿಂಗಳು. ಈಗ ದಿನಾ ರಾತ್ರಿ ಕೊಬ್ಬರಿ ಎಣ್ಣೆ ತಿಕ್ಕುತ್ತಾ ಕೂತಿದ್ದೇನೆ. ಹಾಕಿಸಲು ಇನ್ನೊಮ್ಮೆ ಅಲ್ಲಿಗೇ ಹೋಗುತ್ತೇನೆ. ತೆಗೆಯುವುದು ಮನೆಯಲ್ಲೇ.