ಪೈಥಾನ್ ಲೈಬ್ರರಿಗಳಿಗೆ ನಮ್ಮದೇ ಪ್ಯಾಕೇಜ್ ತಾಣ: ಸ್ಥಿರ ಪುಟ, ಗಿಟೀ ಮತ್ತು ಡೆವ್‌ಪಿಐ ಹೋಲಿಕೆ

ಮಡಿಕೇರಿಯಲ್ಲಿರುವ ನಮ್ಮ ಚಿಕ್ಕ ತಂಡ ಬರೆದ ಮುಕ್ತ ತಂತ್ರಾಂಶದ ಪೈಥಾನ್ ಲೈಬ್ರರಿಗಳನ್ನು ಒಂದೆಡೆ ಇರಿಸಿ, ಯಾರು ಬೇಕಾದರೂ ಪಿಪ್ ಎಂಬ ಪೈಥಾನ್ ಅನುಸ್ಥಾಪನಾ ಸಾಧನದ ಮೂಲಕ ಇಳಿಸಿಕೊಳ್ಳುವಂತೆ ಮಾಡಲು ಮೂರು ವ್ಯವಸ್ಥೆಗಳನ್ನು ಒಂದೇ ಹಳೆಯ ಕಂಪ್ಯೂಟರಿನಲ್ಲಿ ಅನುಸ್ಥಾಪಿಸಿ ನೋಡಿದ್ದೇನೆ. ನಮ್ಮ ಲೈಬ್ರರಿಗಳಲ್ಲಿ ಒಂದು, ಕಾಫಿ ತೋಟಗಳಲ್ಲಿ ಇಂಚು ಮತ್ತು ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುವ ಮಳೆಯ ಲೆಕ್ಕವನ್ನು ಮಿಲಿಮೀಟರಿಗೆ ಪರಿವರ್ತಿಸುತ್ತದೆ. ಇನ್ನೊಂದು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುತ್ತದೆ. ಇವನ್ನು ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಪೈಪಿಐನಲ್ಲೇ ಪ್ರಕಟಿಸುವುದು ಕಷ್ಟವೇನಲ್ಲ. ಆದರೆ ಮುಂಗಾರಿನಲ್ಲಿ ಮರ ಬಿದ್ದು ಕರೆಂಟೂ ಇಂಟರ್ನೆಟ್ಟೂ ಹೋಗುವ ಜಿಲ್ಲೆಯಲ್ಲಿ ಕೆಲಸ ನಿಲ್ಲಬಾರದೆಂದರೆ ಪ್ಯಾಕೇಜುಗಳು ನಮ್ಮ ಕಟ್ಟಡದೊಳಗೇ ಸಿಗಬೇಕು. ಹೀಗಾಗಿ ಎರಡು ಪ್ರಶ್ನೆಗಳನ್ನೇ ಮುಂದಿಟ್ಟುಕೊಂಡು ಹೋಲಿಸಿದ್ದೇನೆ: ಹೊರಗಿನ ಸಂಪರ್ಕ ಕಡಿದಾಗ ಏನಾಗುತ್ತದೆ, ಮತ್ತು ಒಂದೇ ಹೆಸರಿನ ಪ್ಯಾಕೇಜು ಎರಡು ಕಡೆ ಇದ್ದರೆ ಪಿಪ್ ಯಾವುದನ್ನು ಆರಿಸಿಕೊಳ್ಳುತ್ತದೆ.

ಮೊದಲನೆಯದು ಸ್ಥಿರ ಪುಟಗಳ ತಾಣ. ಪೈಥಾನ್ ಸಮುದಾಯದ ಮಾನದಂಡ ದಾಖಲೆಯಾದ 2015ರ ಪೆಪ್ 503 ನಿಯಮದಂತೆ ಪ್ರತಿ ಪ್ಯಾಕೇಜಿಗೆ ಒಂದು ಫೋಲ್ಡರ್, ಅದರೊಳಗೆ ಕಡತಗಳ ಕೊಂಡಿಗಳಿರುವ ಒಂದು ಎಚ್‌ಟಿಎಂಎಲ್ ಪುಟ ಇದ್ದರೆ ಸಾಕು. ಯಾವ ಸಾಮಾನ್ಯ ವೆಬ್ ಸರ್ವರ್ ಆದರೂ ಅದನ್ನು ಒದಗಿಸಬಲ್ಲದು. ಹೆಸರಿನ ನಡುವೆ ಅಡಿಗೆರೆ, ಚುಕ್ಕಿ, ಕಿರುಗೆರೆ ಏನೇ ಇರಲಿ, ಫೋಲ್ಡರಿನ ಹೆಸರಿನಲ್ಲಿ ಅದು ಒಂದೇ ಕಿರುಗೆರೆಯಾಗಿ, ಎಲ್ಲವೂ ಸಣ್ಣಕ್ಷರದಲ್ಲಿರಬೇಕು, ಏಕೆಂದರೆ ಪಿಪ್ ಕೇಳುವುದೇ ಆ ರೂಪದಲ್ಲಿ. ಕೊಂಡಿಯ ಕೊನೆಗೆ ಕಡತದ ಎಸ್‌ಎಚ್‌ಎ-256 ಮೊತ್ತವನ್ನು (ಕಡತ ಬದಲಾದರೆ ತಾನೂ ಬದಲಾಗುವ ಗುರುತು ಸಂಖ್ಯೆ) ಸೇರಿಸಿದರೆ, ಇಳಿಸಿದ ಕಡತ ಅದಕ್ಕೆ ಹೊಂದದಿದ್ದಾಗ ಪಿಪ್ ತಾನಾಗಿಯೇ ನಿಲ್ಲುತ್ತದೆ. ದೋಷವಿರುವ ಆವೃತ್ತಿಯನ್ನು ಅಳಿಸದೆ ಹಿಂದಕ್ಕೆ ಪಡೆಯುವುದಕ್ಕೂ ಕೊಂಡಿಯಲ್ಲಿ ಒಂದು ಗುರುತು ಸಾಕು. ಬ್ಯಾಕಪ್ ಎಂದರೆ ಫೋಲ್ಡರನ್ನು ನಕಲು ಮಾಡುವುದಷ್ಟೇ. ಇಷ್ಟು ಸರಳವಾದ, ಇಷ್ಟು ಕಾಲ ಬಾಳುವ ವ್ಯವಸ್ಥೆ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಆದರೆ ನಮ್ಮ ಲೈಬ್ರರಿಗಳು ಅವಲಂಬಿಸಿರುವ ನೂರಾರು ಹೊರಗಿನ ಪ್ಯಾಕೇಜುಗಳು ಅಲ್ಲಿರುವುದಿಲ್ಲ; ಸಂಪರ್ಕ ಕಡಿದಾಗ ಅವು ಸಿಗುವುದೂ ಇಲ್ಲ. ಅವುಗಳಿಗಾಗಿ ಪೈಪಿಐಯನ್ನು ಹೆಚ್ಚುವರಿ ಸೂಚಿಯೆಂದು (ಪಿಪ್ ಪ್ಯಾಕೇಜುಗಳನ್ನು ಹುಡುಕುವ ಪಟ್ಟಿ) ಸೇರಿಸಿದರೆ, ಪಿಪ್ ಎರಡನ್ನೂ ಸಮಾನವಾಗಿ ಕಂಡು ದೊಡ್ಡ ಆವೃತ್ತಿ ಸಂಖ್ಯೆ ಎಲ್ಲಿದೆಯೋ ಅದನ್ನು ಎತ್ತಿಕೊಳ್ಳುತ್ತದೆ. ಪರೀಕ್ಷೆಗೆಂದು ನಾವೇ ಎರಡನೆಯ ಸೂಚಿಯೊಂದನ್ನು ಕಟ್ಟಿ, ಮಳೆ ಲೆಕ್ಕದ ಲೈಬ್ರರಿಯ ಹೆಸರಿನಲ್ಲೇ 9.0 ಎಂಬ ಖಾಲಿ ಪ್ಯಾಕೇಜನ್ನು ಇಟ್ಟಾಗ, ನಮ್ಮ ನಿಜವಾದ 1.2 ಆವೃತ್ತಿಯನ್ನು ಬಿಟ್ಟು ಪಿಪ್ ಆ ಖಾಲಿ ಪ್ಯಾಕೇಜನ್ನೇ ತಂದಿತು. ಭದ್ರತಾ ಸಂಶೋಧಕ ಅಲೆಕ್ಸ್ ಬಿರ್ಸನ್ 2021ರಲ್ಲಿ ದೊಡ್ಡ ಕಂಪನಿಗಳ ಒಳ ಪ್ಯಾಕೇಜುಗಳ ಹೆಸರುಗಳನ್ನು ಸಾರ್ವಜನಿಕ ಭಂಡಾರಗಳಲ್ಲಿ ಬಳಸಿ ಜಗತ್ತಿಗೆ ತೋರಿಸಿಕೊಟ್ಟ ಅಪಾಯ ಇದೇ.

ಎರಡನೆಯದು ಗಿಟೀ, ನಮ್ಮದೇ ಸರ್ವರಿನಲ್ಲಿ ಆಕರ ಸಂಕೇತವನ್ನು ಇಟ್ಟುಕೊಳ್ಳುವ ತಂತ್ರಾಂಶ. ಅದರಲ್ಲಿ 2022ರ 1.17 ಆವೃತ್ತಿಯಿಂದ ಪ್ಯಾಕೇಜ್ ಭಂಡಾರವಿದೆ. ಆಕರ ಸಂಕೇತ, ದೋಷಗಳ ಪಟ್ಟಿ, ಪ್ಯಾಕೇಜು ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ. ಜಾವಾಸ್ಕ್ರಿಪ್ಟಿನ ಎನ್‌ಪಿಎಂ, ಜಾವಾದ ಮೇವನ್, ರಸ್ಟ್ ಭಾಷೆಯ ಕಾರ್ಗೋ ಪ್ಯಾಕೇಜುಗಳಿಗೂ ಜಾಗವಿದೆ. ಹಲವು ಭಾಷೆಗಳಲ್ಲಿ ಬರೆಯುವ ತಂಡಕ್ಕೆ ನಾನು ಸೂಚಿಸುವುದು ಇದನ್ನೇ. ಆದರೆ ಅದು ಪೈಪಿಐಯ ಪ್ಯಾಕೇಜುಗಳನ್ನು ತರಿಸಿ ಕೂಡಿಡುವುದಿಲ್ಲವಾದ್ದರಿಂದ, ನನ್ನ ಎರಡೂ ಪ್ರಶ್ನೆಗಳಿಗೆ ಸ್ಥಿರ ಪುಟ ಕೊಟ್ಟ ಉತ್ತರವನ್ನೇ ಕೊಡುತ್ತದೆ.

ಮೂರನೆಯದಾದ, ಪೈಥಾನ್ ಪ್ಯಾಕೇಜುಗಳಿಗೆಂದೇ ಇರುವ ಸರ್ವರ್ ಡೆವ್‌ಪಿಐ ಗೆಲ್ಲುವುದು ಇಲ್ಲಿಯೇ. ಅದರಲ್ಲಿ ನಮ್ಮ ಸೂಚಿ ಪೈಪಿಐಯ ಪ್ರತಿಬಿಂಬವೊಂದನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ಹೊರಗಿನ ಪ್ಯಾಕೇಜನ್ನು ಯಾರಾದರೂ ಮೊದಲ ಬಾರಿ ಕೇಳಿದಾಗ ಅದನ್ನು ತರಿಸಿ, ಒಂದು ಪ್ರತಿಯನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಪಿಪ್‌ಗೆ ಕೊಡಬೇಕಾದದ್ದು ಒಂದೇ ವಿಳಾಸ. ಒಂದು ಹೆಸರಿನ ಪ್ಯಾಕೇಜು ನಮ್ಮ ಸೂಚಿಯಲ್ಲಿದ್ದರೆ, ನಾವು ಸ್ಪಷ್ಟವಾಗಿ ಅನುಮತಿಸದ ಹೊರತು ಪ್ರತಿಬಿಂಬದಲ್ಲಿರುವ ಅದೇ ಹೆಸರಿನವು ಅದರೊಂದಿಗೆ ಬೆರೆಯುವುದಿಲ್ಲ. ಮೇಲೆ ಹೇಳಿದ ಪರೀಕ್ಷಾ ಸೂಚಿಯನ್ನೇ ಪ್ರತಿಬಿಂಬವಾಗಿ ಜೋಡಿಸಿ ನೋಡಿದಾಗ 1.2 ಬಂದಿತು; 9.0 ಕಣ್ಣಿಗೇ ಬೀಳಲಿಲ್ಲ. ಒಮ್ಮೆ ಏರಿಸಿದ ಆವೃತ್ತಿಯನ್ನು ತಿದ್ದಲಾಗದಂತೆ ಸೂಚಿಗೆ ಬೀಗ ಹಾಕಲೂ ಬರುತ್ತದೆ, ಪ್ರಕಟಣೆಯ ಸೂಚಿಗೆ ಅದನ್ನು ಹಾಕಲೇಬೇಕು. ಇದರ ತೊಂದರೆಯೆಂದರೆ ನಿರ್ವಹಣೆ: ಡೆವ್‌ಪಿಐ ಸರ್ವರಿನ ದೊಡ್ಡ ಆವೃತ್ತಿ ಬದಲಾದಾಗ ದತ್ತಾಂಶವನ್ನೆಲ್ಲ ರಫ್ತು ಮಾಡಿ ಮತ್ತೆ ಆಮದು ಮಾಡಿಕೊಳ್ಳಬೇಕಾಗಬಹುದು, ಅದಕ್ಕೆ ಡಿಸ್ಕಿನಲ್ಲಿ ಸಾಕಷ್ಟು ಜಾಗವೂ ಬೇಕು.

ಈಗ ಒಳಗಿನ ಕೆಲಸಕ್ಕೆ ಡೆವ್‌ಪಿಐ, ಹೊರಗಿನವರಿಗೆ ಸ್ಥಿರ ಪುಟ ಎಂದು ಎರಡನ್ನೂ ಇಟ್ಟುಕೊಂಡಿದ್ದೇವೆ. ಬಿಡುಗಡೆಯಾದ ಕಡತವೇ ಹಾಗೆಯೇ ಸ್ಥಿರ ತಾಣಕ್ಕೂ ಹೋಗುತ್ತದೆ. ಇದನ್ನು ಅನುಸರಿಸುವವರು ಒಂದು ವಿಷಯವನ್ನು ಗಮನದಲ್ಲಿಡಬೇಕು: ಯಾರೂ ಕೇಳದ ಹೊರಗಿನ ಕಡತ ಡೆವ್‌ಪಿಐಯಲ್ಲಿ ಇರುವುದಿಲ್ಲ, ಮತ್ತು ಲಿನಕ್ಸ್‌ಗೆಂದೇ ಕಟ್ಟಿದ ವೀಲ್ ಕಡತ (ಅನುಸ್ಥಾಪನೆಗೆ ಸಿದ್ಧವಾದ ಪ್ಯಾಕೇಜು) ವಿಂಡೋಸ್ ಲ್ಯಾಪ್‌ಟಾಪಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಆದ್ದರಿಂದ ಮೇ ತಿಂಗಳು ಮುಗಿಯುವ ಮೊದಲು ಎರಡೂ ಬಗೆಯ ಯಂತ್ರಗಳಲ್ಲಿ, ಪಿಪ್‌ನ ಸ್ವಂತ ಸಂಗ್ರಹವನ್ನು ನಿಷ್ಕ್ರಿಯಗೊಳಿಸಿ, ಎಲ್ಲ ಅವಲಂಬನೆಗಳನ್ನೂ ಒಮ್ಮೆ ಪೂರ್ತಿಯಾಗಿ ಅನುಸ್ಥಾಪಿಸಬೇಕು. ಬಳಿಕ ಡೆವ್‌ಪಿಐಯನ್ನು ಆಫ್‌ಲೈನ್ ಸ್ಥಿತಿಯಲ್ಲಿ ನಡೆಸಿ, ಹೊಸ ಯಂತ್ರವೊಂದರಲ್ಲಿ ಅದೇ ಪಟ್ಟಿ ಕೊನೆಯವರೆಗೆ ಅನುಸ್ಥಾಪನೆಯಾಗುವುದೇ ಎಂದು ಪರೀಕ್ಷಿಸಬೇಕು.